ಹಳೆ ಎಚ್‌61 ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ: ಕ್ಲೋನ್ ಮಾಡೋದಾ, ಹೊಸದಾಗಿ ವಿಂಡೋಸ್ ಹಾಕೋದಾ?

ಕುಮಟಾ ಡಿಟಿಪಿ

ಅಂಗಡಿಯ ಮಷೀನ್: ಐ3-3220, ಎಚ್‌61 ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ಒಂದೇ ಸ್ಟಿಕ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10 64 ಬಿಟ್. ಕೆಲಸ ನುಡಿ (ಕನ್ನಡ ಟೈಪಿಂಗ್), ಪೇಜ್‌ಮೇಕರ್ (ಪುಟ ಜೋಡಣೆ), ಟ್ಯಾಲಿ (ಲೆಕ್ಕಪತ್ರ), ಜೊತೆಗೆ ಬ್ರೌಸರ್‌ನಲ್ಲಿ ಅರ್ಜಿ ತುಂಬೋದು. ಆನ್ ಮಾಡಿದ ಮೇಲೆ ಕೈಗೆ ಸಿಗೋಕೆ ಐದಾರು ನಿಮಿಷ ಬೇಕು, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ತೋರಿಸ್ತಾನೇ ಇರುತ್ತೆ. ಸಿ ಡ್ರೈವ್‌ನಲ್ಲಿ 90 ಜಿಬಿ, ಡಿ ಡ್ರೈವ್‌ನಲ್ಲಿ 210 ಜಿಬಿ ತುಂಬಿದೆ.

ಬೋರ್ಡ್‌ನಲ್ಲಿ ಡಿಸ್ಕ್ ಜೋಡಿಸೋಕೆ ಇರೋದು ಹಳೆ ಸಾಟಾ 2 ಪೋರ್ಟ್ ಮಾತ್ರ. ಇದಕ್ಕೆ ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ, ಚಿಪ್‌ನ ಡಿಸ್ಕ್) ಹಾಕಿ ಪ್ರಯೋಜನ ಇದೆಯಾ? ಅಥವಾ ಪಿಸಿಐಇ ಸ್ಲಾಟ್‌ಗೆ ಕಾರ್ಡ್ ಹಾಕಿ ಎನ್‌ವಿಎಂಇ (ಇನ್ನೂ ವೇಗದ ಎಸ್‌ಎಸ್‌ಡಿ) ಕೂರಿಸಬಹುದಾ? ಹಳೆ ಡಿಸ್ಕನ್ನ ಇದ್ದ ಹಾಗೇ ಕಾಪಿ (ಕ್ಲೋನ್) ಮಾಡಿದ್ರೆ ಸಾಕಾ? ನಮ್ಮ ಕಡೆ ಮಳೆಗಾಲದ ಕರೆಂಟ್ ಗೊತ್ತಲ್ಲ, ಅದಕ್ಕೂ ಏನಾದ್ರೂ ಹೇಳಿ.

ಕಾಳಿ ತೀರ (ಕಾರವಾರ)

ಎನ್‌ವಿಎಂಇ ಮರೆತುಬಿಡಿ. ಎಚ್‌61 ಬಯೋಸ್‌ಗೆ (ಆನ್ ಆದಾಗ ಮೊದಲು ಓಡೋ, ಬೋರ್ಡ್ ಒಳಗಿನ ಪ್ರೋಗ್ರಾಂ) ಅದರಿಂದ ಬೂಟ್ ಮಾಡೋದು ಗೊತ್ತಿಲ್ಲ. ಬಯೋಸ್ ತಿದ್ದಿ ಹಾಕೋರಿದ್ದಾರೆ, ಆದರೆ ದುಡಿಯೋ ಮಷೀನ್ ಮೇಲೆ ಆ ಪ್ರಯೋಗ ಬೇಡ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತಗೊಳ್ಳಿ.

ಸಾಟಾ 2 ಅಂತ ತಲೆ ಕೆಡಿಸ್ಕೋಬೇಡಿ. ಸಾಟಾ 3ರಲ್ಲಿ ಸೆಕೆಂಡಿಗೆ 550 ಎಂಬಿ ಬರೋ ಡ್ರೈವ್ ಇಲ್ಲಿ 270-280 ಎಂಬಿಗೆ ನಿಲ್ಲುತ್ತೆ, ಅಷ್ಟೇ. ನಿಮ್ಮ ಮಷೀನ್ ನಿಧಾನ ಆಗಿರೋದು ದೊಡ್ಡ ಫೈಲ್ ಓದೋದರಲ್ಲಿ ಅಲ್ಲ. ವಿಂಡೋಸ್ ಸಾವಿರಾರು ಸಣ್ಣ ಫೈಲ್‌ಗಳನ್ನ ಅಲ್ಲಲ್ಲಿಂದ ಕೇಳುತ್ತೆ, ಹಾರ್ಡ್ ಡಿಸ್ಕ್‌ನ ಹೆಡ್ ಪ್ರತಿ ಸಲ 8-10 ಮಿಲಿಸೆಕೆಂಡ್ ಓಡಾಡಬೇಕು. ಹಾಗಾಗಿ ಸಣ್ಣ ಫೈಲ್‌ಗಳಲ್ಲಿ ಅದರ ವೇಗ ಸೆಕೆಂಡಿಗೆ 1 ಎಂಬಿ ಆಸುಪಾಸಿಗೆ ಇಳಿಯುತ್ತೆ. ಎಸ್‌ಎಸ್‌ಡಿಗೆ ಆ ಓಡಾಟವೇ ಇಲ್ಲ.

ಖರೀದಿ ಮಾಡೋಕೆ ಮುಂಚೆ ಒಂದು ಕೆಲಸ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ (ಡಿಸ್ಕ್ ಆರೋಗ್ಯ ತೋರಿಸೋ ಪ್ರೋಗ್ರಾಂ) ಹಾಕಿ ಹಳೆ ಡಿಸ್ಕ್‌ನ 05, ಸಿ5, ಸಿ6, ಸಿ7 ಸಾಲುಗಳನ್ನ ಇಲ್ಲಿ ಬರೀರಿ. ಕೊನೇ ಕಾಲಂ ಹೆಕ್ಸ್‌ನಲ್ಲಿರುತ್ತೆ (16ರ ಲೆಕ್ಕದ ಅಂಕಿ), ಹನ್ನೆರಡೂ ಅಂಕಿ ಸೊನ್ನೆ ಇದ್ದರೆ ಒಳ್ಳೇದು. ಅದು ನೋಡದೆ ಕ್ಲೋನ್ ಬಗ್ಗೆ ಮಾತಾಡಿ ಉಪಯೋಗ ಇಲ್ಲ.

ಕುಮಟಾ ಡಿಟಿಪಿ

05 ಪೂರ್ತಿ ಸೊನ್ನೆ. ಸಿ5 ಕೊನೇಲಿ 8, ಸಿ6 ಕೂಡ 8. ಸಿ7 ಕೊನೇಲಿ 1ಎಫ್.

ಕಾಳಿ ತೀರ (ಕಾರವಾರ)

ಹಾಗಾದ್ರೆ ಇವತ್ತೇ ಡಿ ಡ್ರೈವ್ ಮತ್ತು ಟ್ಯಾಲಿ ಡೇಟಾ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ಉಳಿದದ್ದೆಲ್ಲ ಆಮೇಲೆ.

ಸಿ5, ಸಿ6 ಅಂದರೆ ಓದೋಕೆ ಆಗದ ಸೆಕ್ಟರ್‌ಗಳ (ಡಿಸ್ಕಿನ ಸಣ್ಣ ತುಂಡುಗಳ) ಲೆಕ್ಕ. 8 ಅಂದರೆ ಎಂಟು ಕಡೆ ಹಾಳಾಗಿದೆ ಅಂತ ಗಾಬರಿ ಬೇಡ. ಈ ಡ್ರೈವ್‌ಗಳ ಒಳಗೆ ಒಂದು ಸೆಕ್ಟರ್ 4096 ಬೈಟ್, ಹೊರಗೆ ಅದನ್ನ 512ರ ಎಂಟು ತುಂಡಾಗಿ ತೋರಿಸುತ್ತೆ. ಒಂದು ಕಡೆ ಓದೋಕೆ ಆಗದಿದ್ರೂ ಲೆಕ್ಕ 8. ಆದರೆ ಕ್ಲೋನ್ ಪ್ರೋಗ್ರಾಂ ಆ ಜಾಗಕ್ಕೆ ಬಂದಾಗ ನಿಂತುಬಿಡುತ್ತೆ, ಇಲ್ಲವೇ ಅಲ್ಲಿದ್ದ ಫೈಲ್ ಅರ್ಧಂಬರ್ಧ ಕಾಪಿ ಆಗುತ್ತೆ. ಸಾಲದ್ದಕ್ಕೆ 500 ಜಿಬಿಯಿಂದ 240 ಜಿಬಿ ಎಸ್‌ಎಸ್‌ಡಿಗೆ ಕ್ಲೋನ್‌ಝಿಲ್ಲಾ ಅನ್ನೋ ಕ್ಲೋನ್ ಪ್ರೋಗ್ರಾಂ ನೇರವಾಗಿ ಒಪ್ಪೋದೂ ಇಲ್ಲ, ಮೊದಲು ಪಾರ್ಟಿಷನ್ ಕುಗ್ಗಿಸಬೇಕು. ಕುಗ್ಗಿಸೋದು ಅಂದರೆ ಕೆಟ್ಟ ಡಿಸ್ಕ್ ಮೇಲೆ ಇನ್ನಷ್ಟು ಓದು-ಬರೆ.

ಸಿ7 ಬೇರೆ ಕಥೆ, ಅದು ಡಿಸ್ಕ್‌ದಲ್ಲ. 1ಎಫ್ ಅಂದರೆ 31 ಸಲ ಡೇಟಾ ಕೇಬಲ್‌ನಲ್ಲಿ ತಪ್ಪು ಬಂದಿದೆ. ಕೇಬಲ್ ಬದಲಿಸಿ, ಎರಡೂ ತುದಿಯಲ್ಲಿ ಲೋಹದ ಕ್ಲಿಪ್ ಇರೋದೇ ತನ್ನಿ. ಆ ಅಂಕಿ ಯಾವತ್ತೂ ಇಳಿಯಲ್ಲ, ಏರದಿದ್ರೆ ಸರಿ ಆಯ್ತು ಅಂತ ಅರ್ಥ.

ಘಟ್ಟದ ಮೇಲೆ (ಶಿರಸಿ)

ಹೊಸದಾಗಿ ಹಾಕೋದೇ ಸರಿ. ಹಳೆ ವಿಂಡೋಸ್ ಬಿಡೋಕೆ ಮುಂಚೆ ಮಾಡಬೇಕಾದ ಎರಡು ಕೆಲಸ ಜನ ಮರೀತಾರೆ.

ಒಂದು, ಟ್ಯಾಲಿ ಲೈಸೆನ್ಸ್ ಹಳೆ ವಿಂಡೋಸ್ ಒಳಗಿಂದಲೇ ಸರೆಂಡರ್ ಮಾಡಿ (ವಾಪಸ್ ಒಪ್ಪಿಸಿ). ಇಲ್ಲದಿದ್ರೆ ಹೊಸದರಲ್ಲಿ ಆಕ್ಟಿವೇಟ್ ಮಾಡೋವಾಗ ಪರದಾಟ. ಇನ್ನೊಂದು, ವಿಂಡೋಸ್ ಫೋಲ್ಡರಿನ ಫಾಂಟ್ಸ್‌ನಿಂದ ನುಡಿ ಫಾಂಟ್ ಎಲ್ಲಾ ಕಾಪಿ ತಗೊಳ್ಳಿ. ಹಳೆ ಪೇಜ್‌ಮೇಕರ್ ಫೈಲ್‌ಗಳು ಯೂನಿಕೋಡ್ ಅಲ್ಲ, ಅದೇ ಹೆಸರಿನ ಫಾಂಟ್ ಇಲ್ಲದಿದ್ರೆ ಲಗ್ನಪತ್ರಿಕೆ ತುಂಬಾ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣುತ್ತೆ.

ಆಮೇಲೆ ಮಷೀನ್ ಆಫ್ ಮಾಡಿ, ಪ್ಲಗ್ ಕಿತ್ತು, ಹಳೆ ಡಿಸ್ಕ್‌ನ ಡೇಟಾ ಕೇಬಲ್ ತೆಗೆದಿಡಿ. ಅದು ಜೋಡಿಸಿದ್ದಾಗ ಇನ್‌ಸ್ಟಾಲ್ ಮಾಡಿದ್ರೆ ವಿಂಡೋಸ್ ಎಸ್‌ಎಸ್‌ಡಿಗೆ ಹೋಗಿ ಬೂಟ್ ಫೈಲ್ ಮಾತ್ರ ಹಳೆ ಡಿಸ್ಕ್‌ನಲ್ಲೇ ಉಳಿಯೋ ಸಾಧ್ಯತೆ ಇದೆ. ಮುಂದೆ ಹಳೇದು ಸತ್ತ ದಿನ ಎರಡೂ ಏಳಲ್ಲ. ಎಸ್‌ಎಸ್‌ಡಿಯನ್ನ ಬೋರ್ಡಿನ ಮೊದಲ ಸಾಟಾ ಪೋರ್ಟ್‌ಗೆ ಹಾಕಿ. ಬ್ರಾಕೆಟ್‌ಗೆ ಸಣ್ಣ ಎಂ3 ಸ್ಕ್ರೂ ಬೇಕು, ಹಾರ್ಡ್ ಡಿಸ್ಕ್‌ನ ದಪ್ಪ ಸ್ಕ್ರೂ ಒತ್ತಿ ತಿರುಗಿಸಿದ್ರೆ ಎಳೆ ಹಾಳಾಗುತ್ತೆ. ಪವರ್ ಕನೆಕ್ಟರ್ ಸಾಲದೆ ಮೋಲೆಕ್ಸ್ ಕನ್ವರ್ಟರ್ ತರೋದಾದ್ರೆ, ತುದಿ ಒಂದೇ ಅಚ್ಚಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಇರೋದು ಬೇಡ. ಅದರೊಳಗೆ ತಂತಿ ಸರಿದು ಶಾರ್ಟ್ ಆಗಿ ಸುಡುತ್ತೆ.

ಬಯೋಸ್‌ನಲ್ಲಿ ಸಾಟಾ ಮೋಡ್ (ಡಿಸ್ಕ್ ಜೊತೆ ಮಾತಾಡೋ ರೀತಿ) ಐಡಿಇ ಇದ್ದರೆ ಎಎಚ್‌ಸಿಐ ಮಾಡಿ, *ಆಮೇಲೆ* ಇನ್‌ಸ್ಟಾಲ್ ಶುರು ಮಾಡಿ. ಬೂಟ್ ಮೆನುವಿನಲ್ಲಿ ಪೆನ್ ಡ್ರೈವ್ ಎರಡು ಸಲ ಕಂಡರೆ ಮುಂದೆ ಯುಇಎಫ್ಐ ಅಂತ ಇರೋದನ್ನ ಆರಿಸಿ. ವಿಂಡೋಸ್ ಪ್ರಾಡಕ್ಟ್ ಕೀ ಕೇಳಿದ್ರೆ ಬಿಟ್ಟು ಮುಂದೆ ಹೋಗಿ. ಅದೇ ಬೋರ್ಡಿನಲ್ಲಿ ಮೊದಲೇ ಆಕ್ಟಿವೇಟ್ ಆಗಿದ್ದ ವಿಂಡೋಸ್ 10 ನೆಟ್‌ಗೆ ಹೋದಾಗ ತಾನೇ ಸರಿಹೋಗುತ್ತೆ.

4 ಜಿಬಿ ರ್‍ಯಾಮ್ ಸಾಲದು, ಬ್ರೌಸರ್ ಒಂದೇ ತಿಂದು ಹಾಕುತ್ತೆ. 1600 ಮೆಗಾಹರ್ಟ್ಸ್‌ನ 1.5 ವೋಲ್ಟ್ ಡಿಡಿಆರ್3 ಇನ್ನೊಂದು 4 ಜಿಬಿ ಸೇರಿಸಿ. ಅಗ್ಗಕ್ಕೆ ಸಿಗೋ 'ಎಎಂಡಿಗೆ ಮಾತ್ರ' ಸ್ಟಿಕ್ ಇಂಟೆಲ್ ಬೋರ್ಡಿನಲ್ಲಿ ಏಳಲ್ಲ.

ಸದಾಶಿವಗಡ

ಮೇಲೆ ಎಎಚ್‌ಸಿಐ ಅಂದರಲ್ಲ, ಅದಕ್ಕೆ ಬಾಲ ಒಂದಿದೆ. ಇಷ್ಟು ಹಳೆ ಬೋರ್ಡಿನ ಸಿಆರ್2032 ಸೆಲ್ (ಬಯೋಸ್ ಸೆಟ್ಟಿಂಗ್ ಉಳಿಸೋ ನಾಣ್ಯದಂಥ ಬ್ಯಾಟರಿ) ಬಹುತೇಕ ಖಾಲಿ ಆಗಿರುತ್ತೆ. ಒಂದು ರಾತ್ರಿ ಮೇನ್ಸ್ ಆಫ್ ಮಾಡಿದ್ರೆ ಬಯೋಸ್ ತನ್ನ ಮೂಲ ಸೆಟ್ಟಿಂಗ್‌ಗೆ ಹೋಗಿ, ಎಎಚ್‌ಸಿಐ ಮತ್ತೆ ಐಡಿಇ ಆಗುತ್ತೆ. ಬೆಳಿಗ್ಗೆ ನೀಲಿ ಪರದೆ, ಬೂಟ್ ಡಿವೈಸ್ ಸಿಗ್ತಿಲ್ಲ ಅನ್ನೋ ಸಂದೇಶ. ಎಸ್‌ಎಸ್‌ಡಿ ಹೋಯ್ತು ಅಂತ ಬದಲಿಸೋಕೆ ತಗೊಂಡು ಹೋಗ್ತಾರೆ, ಅದರಲ್ಲಿ ಏನೂ ಕೆಟ್ಟಿರಲ್ಲ. ಗಡಿಯಾರ ಹಿಂದೆ ಹೋಗಿದೆಯಾ ನೋಡಿ, ಅದೇ ಗುರುತು. ಮಲ್ಟಿಮೀಟರ್‌ನಲ್ಲಿ 2.8 ವೋಲ್ಟ್‌ಗಿಂತ ಕಡಿಮೆ ಬಂದರೆ ಸೆಲ್ ಬದಲಿಸಿ. ಹೇಗೂ ಕ್ಯಾಬಿನೆಟ್ ಬಿಚ್ಚಿರ್ತೀರಿ.

ಬಿಚ್ಚಿದಾಗಲೇ ರ್‍ಯಾಮ್‌ನ ಚಿನ್ನದ ಬಣ್ಣದ ಅಂಚು ನೋಡಿ. ಘಟ್ಟದ ಕೆಳಗೆ ಉಪ್ಪುಗಾಳಿಗೆ ಅಲ್ಲಿ ಮಂಕು ಕಲೆ ಕೂರುತ್ತೆ, ಕೆಲವು ಸಲ ಹಸಿರು. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಕೂರಿಸಿ. ಧೂಳನ್ನ ಒಣ ಬ್ರಷ್‌ನಿಂದಲೇ ತೆಗೀರಿ. ಉಪ್ಪು ಸೇರಿದ ಧೂಳು ತೇವ ಹಿಡಿದಿಟ್ಟುಕೊಳ್ಳುತ್ತೆ, ಒದ್ದೆ ಬಟ್ಟೆ ಮುಟ್ಟಿಸಿದ್ರೆ ಇನ್ನೂ ಕೆಟ್ಟದು. ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಗಡಿ ರಜೆ ಇದ್ದರೂ ದಿನಕ್ಕೆ ಒಂದಿಷ್ಟು ಹೊತ್ತು ಮಷೀನ್ ಓಡಲಿ, ಆ ಬಿಸಿಗೇ ಒಳಗಿನ ತೇವ ಆರುತ್ತೆ.

ಕರೆಂಟ್ ವಿಷಯ: ಸಾಮಾನ್ಯ ಎಸ್‌ಎಸ್‌ಡಿಗಳಲ್ಲಿ, ಕರೆಂಟ್ ಹಠಾತ್ ಹೋದಾಗ ಬರೆಯುತ್ತಿದ್ದ ಡೇಟಾ ಉಳಿಸೋ ದೊಡ್ಡ ಕೆಪಾಸಿಟರ್ ಇರಲ್ಲ. ಯುಪಿಎಸ್ ಇದ್ದರೆ ಕೆಲಸ ಇಲ್ಲದ ಹೊತ್ತಲ್ಲಿ ಫೈಲ್ ಎಲ್ಲಾ ಮುಚ್ಚಿ ಪ್ಲಗ್ ಕಿತ್ತು ನೋಡಿ, ಒಂದು ನಿಮಿಷವೂ ನಿಲ್ಲದಿದ್ರೆ ಒಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಬದಲಿಸಿ. ಇನ್ನೊಂದು: ವೇಗ ಹೆಚ್ಚುತ್ತೆ ಅಂತ ಯೂಟ್ಯೂಬ್ ನೋಡಿ ಡಿವೈಸ್ ಮ್ಯಾನೇಜರ್‌ನಲ್ಲಿ 'ರೈಟ್ ಕ್ಯಾಶ್ ಬಫರ್ ಫ್ಲಶಿಂಗ್' ಆಫ್ ಮಾಡೋ ಟಿಕ್ ಹಾಕ್ತಾರೆ. ಕರೆಂಟ್ ಹೋದರೆ ಡೇಟಾ ಕೈತಪ್ಪಬಹುದು, ಅದನ್ನ ಮಾತ್ರ ಮುಟ್ಟಬೇಡಿ.

ಕುಮಟಾ ಡಿಟಿಪಿ

ಡಿ ಡ್ರೈವ್ ಕಾಪಿಗೆ ಹಾಕಿದೀನಿ. 240ರಲ್ಲಿ ಯಾವುದು ತಗೊಳ್ಳಲಿ? ವಿಂಡೋಸ್ 11 ಹಾಕಬಹುದಾ?

ಕಾಳಿ ತೀರ (ಕಾರವಾರ)

ಐ3-3220 ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಇಂಟೆಲ್‌ನಲ್ಲಿ 8ನೇ ತಲೆಮಾರಿಂದ ಮೇಲೆ ಬೇಕು, ಟಿಪಿಎಂ 2.0 (ಭದ್ರತೆಯ ವ್ಯವಸ್ಥೆ) ಕೂಡ. ಅಡ್ಡದಾರಿ ಇದೆ, ಟ್ಯಾಲಿ ಇರೋ ಮಷೀನ್‌ಗೆ ನಾನು ಹೇಳಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿದೆ, ಮುಂದೊಂದು ದಿನ ಮಷೀನ್ ಬದಲಿಸಲೇಬೇಕು. ಈ ಎಸ್‌ಎಸ್‌ಡಿ ಹೊಸದಕ್ಕೂ ಹೊಂದುತ್ತೆ, ಹಾಗಾಗಿ ದುಡ್ಡು ದಂಡ ಅಲ್ಲ.

ಡ್ರೈವ್: ಕ್ರೂಶಿಯಲ್ ಬಿಎಕ್ಸ್500, ಕಿಂಗ್‌ಸ್ಟನ್ ಎ400 ಎರಡೂ 240 ಜಿಬಿಯಲ್ಲಿ ಒಟ್ಟು 80 ಟಿಬಿ ಡೇಟಾ ಬರೆಯೋವರೆಗೆ ಬಾಳ್ತವೆ ಅಂತ ಕಂಪನಿ ಲೆಕ್ಕ ಹಾಕಿದವು. ದಿನಕ್ಕೆ 20 ಜಿಬಿ ಬರೆದರೂ ಹತ್ತು ವರ್ಷ ದಾಟುತ್ತೆ, ನಿಮ್ಮ ಕೆಲಸಕ್ಕೆ ಸಾಕು. ಸ್ಯಾಮ್‌ಸಂಗ್ 870 ಇವಿಒ 250 ಜಿಬಿ 150 ಟಿಬಿ, ದರದಲ್ಲಿ ಹೆಚ್ಚು ಅಂತರ ಇಲ್ಲದಿದ್ರೆ ಅದೇ ತಗೊಳ್ಳಿ. ಹೆಸರು ಕೇಳದ ಬ್ರ್ಯಾಂಡ್‌ನ 2 ಟಿಬಿ ನೂರಾರು ರೂಪಾಯಿಗೆ ಸಿಕ್ಕರೆ ಅದು ನಕಲಿ.

ಹಳೆ ಹಾರ್ಡ್ ಡಿಸ್ಕನ್ನ ಡಿ ಡ್ರೈವ್ ಆಗಿ ಮುಂದುವರಿಸಬೇಡಿ. ಕಾಪಿ ಮಾಡೋವಾಗ ಯಾವ ಫೈಲ್ ಹತ್ತಿರ ನಿಂತಿತು ಅಂತ ಬರೆದಿಟ್ಟುಕೊಳ್ಳಿ, ಅದನ್ನ ಬಿಟ್ಟು ಉಳಿದದ್ದು ಮುಗಿಸಿ, ಕೊನೆಗೆ ಅದಕ್ಕೆ ಕೈ ಹಾಕಿ.