ಪದಚರ್ಚೆ: ಲಕ್ವದ ನಂತರದ ಖಿನ್ನತೆಗೆ ಕೊಡುವ 'ಲೈಟ್ ಥೆರಪಿ'ಗೆ ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ. ಒಂದು ಪದ ಅರ್ಜೆಂಟಾಗಿ ಬೇಕು. ಲಕ್ವ ಹೊಡೆದು, ಡಿಸ್ಚಾರ್ಜ್ ಆಗಿ ಮನೆಗೆ ಹೋಗುವವರಿಗೆ ಕೊಡುವ ಎರಡು ಪುಟದ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು.

ಲಕ್ವ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅದಕ್ಕೆ ಮಾತ್ರೆ ಕೊಡುತ್ತಾರೆ. ಜೊತೆಗೆ ಕೆಲವರಿಗೆ ಲೈಟ್ ಥೆರಪಿ. ಅಂದರೆ ಬೆಳಗ್ಗೆ ಎದ್ದ ಮೇಲೆ ಅರ್ಧ ಗಂಟೆ, 10,000 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಬಿಳಿ ಬೆಳಕಿನ ಪೆಟ್ಟಿಗೆಯ ಮುಂದೆ ಕೂರುವುದು. ದೀಪವನ್ನೇ ದಿಟ್ಟಿಸಬೇಕಿಲ್ಲ. ಕಣ್ಣು ತೆರೆದಿದ್ದರೆ ಸಾಕು, ತಿಂಡಿ ತಿನ್ನಬಹುದು, ಪೇಪರ್ ಓದಬಹುದು.

'ಬೆಳಕಿನ ಚಿಕಿತ್ಸೆ' ಎಂದು ಬರೆದೆ. ವಾರ್ಡಿನ ನರ್ಸ್ ಒಬ್ಬರು ಓದಿ, "ಕಾಮಾಲೆ ಆದ ಮಗುವನ್ನು ಲೈಟಿನ ಕೆಳಗೆ ಇಡ್ತಾರಲ್ಲ, ಅದಾ?" ಎಂದು ಕೇಳಿದರು. ಆ ಮಗುವಿಗೆ ಬೀಳುವುದು ನೀಲಿ ಬೆಳಕು, ಅದೂ ಮೈಮೇಲೆ, ಕಣ್ಣಿಗೆ ಪಟ್ಟಿ ಕಟ್ಟಿ. ಇಲ್ಲಿ ಬೆಳಕು ಕಣ್ಣಿನಿಂದಲೇ ಒಳಗೆ ಹೋಗಬೇಕು. ಎರಡಕ್ಕೂ ಒಂದೇ ಹೆಸರಾದರೆ ಯಾರಾದರೂ ಅಜ್ಜನ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿಯಾರು.

ಇನ್ನೊಂದು. 'ಖಿನ್ನತೆ ನಿವಾರಕಗಳಿಗೆ ಪೂರಕವಾಗಿ' ಎಂದು ಬರೆದಿದ್ದೆ. ಓದಿದ ರೋಗಿಯ ಮಗ, "ಹಾಗಾದ್ರೆ ಮಾತ್ರೆ ನಿಲ್ಲಿಸಬಹುದಾ?" ಎಂದ. ಈ ಸಾಲು ಸರಿಯಾಗಲೇಬೇಕು.
(ಅನುವಾದಕಿ, ಮೈಸೂರು)

* * *

'ಚಿಕಿತ್ಸೆ', 'ನಿವಾರಕ', 'ಪೂರಕ' ಮೂರನ್ನೂ ಬಿಡಿ. 'ಬೆಳಕುಮದ್ದು' ಎನ್ನಿ.

ಬೆಳಕು, ಬೆಳಗು, ಬೆಳ್ಳಿ, ಬೆಳದಿಂಗಳು, ಎಲ್ಲಕ್ಕೂ ಬೇರು 'ಬೆಳ್'. ತಮಿಳಿನ ವೆಳ್ಳಿ, ವೆಳಿಚ್ಚಂ ನೋಡಿ. ಬಿಳುಪು, ಹೊಳಪು, ಮುಂಜಾನೆ ಮೂರೂ ಆ ಒಂದು ಬೇರಿನಲ್ಲಿವೆ. ನೀವು ಕೊಡುವುದೂ ಬಿಳಿ ಬೆಳಕು, ಅದೂ ಬೆಳಗ್ಗೆ. ಇದಕ್ಕಿಂತ ಹೊಂದುವ ಪದ ಎಲ್ಲಿ ಸಿಗುತ್ತದೆ? 'ಮದ್ದು' ನಮ್ಮ ಕಡೆ ದಿನಬಳಕೆಯ ಮಾತು. ಖಿನ್ನತೆಗೆ 'ಮನಗುಂದು', ಮಾತ್ರೆಗೆ 'ಗುಂದುಮದ್ದು' ಎನ್ನಬಹುದು. ಲಕ್ವ ಅರಬ್ಬಿಯದು. ಅಲ್ಲಿ ಅದು ಬರೀ ಮುಖ ಸೊಟ್ಟಗಾಗುವ ಕಾಯಿಲೆ. ಅದನ್ನೂ ಬಿಡಿ.
(ಪುತ್ತೂರು)

* * *

ನಾನು ಮನೋವೈದ್ಯೆ. 'ಬೆಳಕುಮದ್ದು' ದಯವಿಟ್ಟು ಬೇಡ. ನಮ್ಮ ಮಂಡ್ಯದ ಕಡೆ 'ಮದ್ದು ಹಾಕಿದ್ದಾರೆ' ಅಂದರೆ ಯಾರೋ ಊಟದಲ್ಲಿ ಏನೋ ಬೆರೆಸಿದ್ದಾರೆ ಅಂತ. ಮೊದಲೇ ಕುಗ್ಗಿ, ಊಟ ಬಿಟ್ಟು ಕೂತಿರುವವರಿಗೆ ಆ ಪದ ಕೊಡಲಾರೆ. ಅದಕ್ಕಿಂತ ಮುಖ್ಯವಾದದ್ದು, ಬೆಳಕನ್ನೇ ಮದ್ದು ಎಂದರೆ ಮಾತ್ರೆಯ ಜಾಗಕ್ಕೆ ಇನ್ನೊಂದು ಔಷಧಿ ಬಂತು ಎಂದೇ ಓದಿಕೊಳ್ಳುತ್ತಾರೆ. ಆ ಮಗ ಕೇಳಿದ್ದೂ ಅದನ್ನೇ ಅಲ್ವಾ?

ಸರ್ಟ್ರಲಿನ್, ಎಸಿಟಲೊಪ್ರಾಮ್ ತರಹದ ಮಾತ್ರೆ ಕೆಲಸ ತೋರಿಸಲು ಕೆಲವು ವಾರ ಬೇಕು. ನಡುವೆ ಥಟ್ಟನೆ ಬಿಟ್ಟರೆ ತಲೆ ಸುತ್ತು, ಕಿರಿಕಿರಿ, ನಿದ್ದೆಗೇಡು. ಆದ್ದರಿಂದ 'ಪೂರಕ' ತೆಗೆದು, 'ಮಾತ್ರೆ ನಿಲ್ಲಿಸಬೇಡಿ, ಅದರ ಜೊತೆಗೆ ಇದನ್ನೂ ಮಾಡಿ' ಎಂದು ನೇರವಾಗಿ ಹಾಕಿ.

ಮಾತ್ರೆಯಿಂದ ಕೈಕಾಲಿಗೂ ಬಲ ಬರುತ್ತದೆ ಎಂಬ ಅರ್ಥ ಎಲ್ಲೂ ಬರದಿರಲಿ. 2018ರಲ್ಲಿ ಬ್ರಿಟನ್ನಿನ ಫೋಕಸ್ ಅಧ್ಯಯನ ಬಂತು. ಲಕ್ವ ಆದ 3,127 ಜನರನ್ನು ಸೇರಿಸಿಕೊಂಡು, ಅರ್ಧದಷ್ಟು ಜನಕ್ಕೆ ಆರು ತಿಂಗಳು ಫ್ಲುಆಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಕೊಟ್ಟು ನೋಡಿದ್ದರು. ಅವರಲ್ಲಿ ಹೊಸದಾಗಿ ಖಿನ್ನತೆ ಬಂದವರು ಕಡಿಮೆ. ಆದರೆ ಓಡಾಟ, ದಿನದ ಕೆಲಸ ಏನೂ ಸುಧಾರಿಸಲಿಲ್ಲ. ಮೂಳೆ ಮುರಿತ ಮಾತ್ರ ಜಾಸ್ತಿಯಾಯಿತು.
(ಮಂಡ್ಯ)

* * *

'ಗುಂದುಮದ್ದು' ಓದಿದ ರೋಗಿ ಗುಂಡು, ಮದ್ದು ಎಂದು ಓದಿಕೊಳ್ಳುತ್ತಾನೆ. ಆಗದು.

ನಮ್ಮ ಕಡೆ ದವಾಖಾನೆ ಎನ್ನುತ್ತೇವೆ, ಪಾರ್ಸಿ. ಅಲ್ಲಿ ನರ್ಸ್ ಕೊಡುವುದು ಔಷಧಿ, ಸಂಸ್ಕೃತ. ಅದನ್ನಿಡುವ ಮೇಜು ಪೋರ್ಚುಗೀಸರದು. ಇವೆಲ್ಲ ಕನ್ನಡವೇ ಆಗಿ ಎಷ್ಟೋ ಕಾಲವಾಯಿತು. ಲಕ್ವ ಎಂದರೆ ಹೊಲದಲ್ಲಿರುವ ಅಜ್ಜಿಗೂ ಗೊತ್ತು. ಅದನ್ನು ಕಿತ್ತು ಹಾಕಿ ಎನ್ನುವವರು ಮೊದಲು ಆ ಅಜ್ಜಿಯನ್ನು ಕೇಳಲಿ. 'ಲೈಟ್ ಥೆರಪಿ' ಎಂದೇ ಬರೆಯಿರಿ, ಡಾಕ್ಟರ್ ಬಾಯಲ್ಲಿ ಬರುವುದೂ ಅದೇ.

ಒಂದು ಅನುಮಾನ. ಎಳೆಬಿಸಿಲಿಗೆ ಕೂರಿಸಿದರೆ ಸಾಲದೇ?
(ಧಾರವಾಡ)

* * *

ಎರವಲು ತಂದ ಮೇಜು ಬೇರೆ, ಇರುವ ಪದವನ್ನು ಹೊರಗಿಟ್ಟು ಎರವಲು ತರುವುದು ಬೇರೆ. 'ಬೆಳಕು' ಕೈಯಲ್ಲಿದ್ದೂ 'ಲೈಟ್' ಏಕೆ? ಇಂದು ಲೈಟ್, ನಾಳೆ ಕಣ್ಣಿಗೂ 'ಐ' ಎನ್ನುತ್ತೀರಿ. 'ಮದ್ದು' ಬಿಡುತ್ತೇನೆ, ವೈದ್ಯರ ಮಾತು ಸರಿ. 'ಬೆಳಕು' ಬಿಡುವುದಿಲ್ಲ.
(ಪುತ್ತೂರು)

* * *

ಎಳೆಬಿಸಿಲು ಒಳ್ಳೆಯದೇ. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ಬಿಸಿಲೇರಿದ ಅಂಗಳ 10,000ವನ್ನು ಆರಾಮಾಗಿ ದಾಟುತ್ತದೆ. ಆದರೆ ಲಕ್ವ ಆದವರನ್ನು ಮನೆಯವರು ಸಾಮಾನ್ಯವಾಗಿ ಒಳಕೋಣೆಯಲ್ಲಿ, ಕಿಟಕಿ ಮುಚ್ಚಿ ಮಲಗಿಸಿರುತ್ತಾರೆ. ಪೆಟ್ಟಿಗೆಯನ್ನು ಅವರಿದ್ದಲ್ಲಿಗೇ ತರಬಹುದು. ಅದರಲ್ಲಿ ನೇರಳಾತೀತ ಕಿರಣವನ್ನೂ ಸೋಸಿರುತ್ತಾರೆ. ಹಾಗಾಗಿ ಎರಡೂ ಒಂದೇ ಅಲ್ಲ, ಹೆಸರಿನಲ್ಲಿ 'ಬಿಸಿಲು' ಬೇಡ.
(ಮಂಡ್ಯ)

* * *

ಎಲ್ಲರಿಗೂ ಧನ್ಯವಾದ. ವಸ್ತುವನ್ನೇ ಮುಂದಿಟ್ಟಿದ್ದೇನೆ, ನೋಡಿ:

"ಬೆಳಕಿನ ಪೆಟ್ಟಿಗೆ (ಲೈಟ್ ಥೆರಪಿ). ಖಿನ್ನತೆಯ ಮಾತ್ರೆ ನಿಲ್ಲಿಸಬೇಡಿ. ಮಾತ್ರೆಯ ಜೊತೆಗೆ, ದಿನಾ ಬೆಳಗ್ಗೆ ಅರ್ಧ ಗಂಟೆ ಈ ಪೆಟ್ಟಿಗೆಯ ಮುಂದೆ ಕಣ್ಣು ತೆರೆದು ಕೂರಿ. ದೀಪವನ್ನು ದಿಟ್ಟಿಸಬೇಡಿ."

ಲಕ್ವ ಇಟ್ಟಿದ್ದೇನೆ. 'ಲಕ್ಸ್' ಅಂದರೆ ಜನಕ್ಕೆ ಸಾಬೂನು ನೆನಪಾಗುತ್ತದೆ, ಅದಕ್ಕೆ ಆ ಅಂಕಿಯನ್ನು ಪೆಟ್ಟಿಗೆ ಕೊಳ್ಳುವವರಿಗಾಗಿ ಕೆಳಗೆ ಬೇರೆ ಸಾಲಿನಲ್ಲಿ ಹಾಕಿದ್ದೇನೆ. 'ಉನ್ಮಾದ ಇದ್ದವರು ಮೊದಲು ವೈದ್ಯರನ್ನು ಕೇಳಿ' ಎಂಬ ಸಾಲು ಸರಿಯೇ?
(ಅನುವಾದಕಿ, ಮೈಸೂರು)

* * *

'ಉನ್ಮಾದ' ತೆಗೆಯಿರಿ, ಹುಚ್ಚು ಎಂದುಕೊಂಡು ಬಾಯಿ ಬಿಡುವುದಿಲ್ಲ. 'ಹಿಂದೆ ಯಾವಾಗಲಾದರೂ ನಿದ್ದೆ ಇಲ್ಲದೆಯೂ ದಿನಗಟ್ಟಲೆ ವಿಪರೀತ ಹುರುಪು, ವಿಪರೀತ ಮಾತು ಇದ್ದವರು' ಎಂದು ಬರೆಯಿರಿ. ಕಣ್ಣಿನ ನರದ ತೊಂದರೆ ಇರುವವರನ್ನೂ ಅದೇ ಸಾಲಿಗೆ ಸೇರಿಸಿ.
(ಮಂಡ್ಯ)