ಸಹಾಯ ಬೇಕು: ಕ್ರಿ.ಪೂ. 1200ರ ನಂತರದ ಗ್ರೀಸಿನ ಕಾಲಗಣನೆ

ಸದಸ್ಯರೆಲ್ಲರಿಗೂ ನಮಸ್ಕಾರ. ಕ್ರಿ.ಪೂ. 1200ರ ಆಸುಪಾಸಿನಲ್ಲಿ ಪೂರ್ವ ಮೆಡಿಟರೇನಿಯನ್ ಪ್ರದೇಶದ ರಾಜ್ಯಗಳು ಒಂದರ ಹಿಂದೊಂದರಂತೆ ಕುಸಿದದ್ದರ ಕುರಿತು ಓದುತ್ತಿದ್ದು, ಅದರ ನಂತರದ ಕಾಲಗಣನೆಯ ವಿಷಯದಲ್ಲಿ ತಿಳಿದವರ ನೆರವನ್ನು ಕೋರುತ್ತಿದ್ದೇನೆ.

ಇಂದಿನ ಟರ್ಕಿಯಲ್ಲಿ ಆಳುತ್ತಿದ್ದ ಹಿಟ್ಟೈಟರ ರಾಜಧಾನಿ ಹಟ್ಟುಷ ಬರಿದಾಯಿತು. ಸಿರಿಯಾ ಕರಾವಳಿಯ ಉಗರಿಟ್ ನಗರ ಬೆಂಕಿಗೆ ಆಹುತಿಯಾಯಿತು. ನನ್ನನ್ನು ಹೆಚ್ಚು ಕಾಡುವುದು ಗ್ರೀಸಿನ ಪೈಲೋಸ್. ಅಲ್ಲಿ ಲೆಕ್ಕ ಬರೆದಿಡುತ್ತಿದ್ದ, ಸುಡದ ಜೇಡಿಮಣ್ಣಿನ ಫಲಕಗಳು ಅರಮನೆಯನ್ನು ನಾಶಮಾಡಿದ ಬೆಂಕಿಯಲ್ಲೇ ಬೆಂದು ಗಟ್ಟಿಯಾಗಿ ಉಳಿದವು. ಹಡಗಿಗೆ ಹುಟ್ಟು ಹಾಕುವವರ ಮತ್ತು ಕರಾವಳಿ ಕಾಯುವವರ ಪಟ್ಟಿಗಳು ಅವುಗಳಲ್ಲಿವೆ. ಆಮೇಲೆ ಆ ಫಲಕಗಳಲ್ಲಿ ಬಳಸಿದ್ದ ಲೀನಿಯರ್ ಬಿ ಎಂಬ ಲಿಪಿಯೇ ಗ್ರೀಸಿನಲ್ಲಿ ಕಣ್ಮರೆಯಾಗಿ, ಕ್ರಿ.ಪೂ. 8ನೇ ಶತಮಾನದಲ್ಲಿ ಫಿನೀಷಿಯನ್ ಮೂಲದ ಅಕ್ಷರಗಳು ಬಳಕೆಗೆ ಬರುವವರೆಗೆ ಅಲ್ಲಿ ಬರಹದ ಕುರುಹು ಇಲ್ಲವೆನ್ನುವಷ್ಟು ವಿರಳ. ಹಾಗೆಂದು ಬದುಕು ನಿಂತಿರಲಿಲ್ಲ: ಯೂಬಿಯಾ ದ್ವೀಪದ ಲೆಫ್ಕಾಂಡಿಯಲ್ಲಿ ಕ್ರಿ.ಪೂ. 10ನೇ ಶತಮಾನದ ದೊಡ್ಡ ಕಟ್ಟಡ, ಚಿನ್ನದ ಒಡವೆಗಳು, ಹೂತಿಟ್ಟ ಕುದುರೆಗಳು ದೊರೆತಿವೆ. ಆದ್ದರಿಂದ ಇದನ್ನು ‘ಕತ್ತಲೆ ಯುಗ’ ಎನ್ನಲು ನನಗೆ ಮನಸ್ಸಿಲ್ಲ.

ಈಜಿಪ್ಟಿನ ರಾಜವಂಶಗಳ ಕಾಲವನ್ನು ಹಿಗ್ಗಿಸಿ ಲೆಕ್ಕಹಾಕಿದ್ದರಿಂದಲೇ ಬರಹವಿಲ್ಲದ ಈ ಶತಮಾನಗಳ ಅಂತರ ಹುಟ್ಟಿತೆಂಬ ವಾದವೂ ಇದೆ; ಬಹುಪಾಲು ವಿದ್ವಾಂಸರು ಅದನ್ನು ಒಪ್ಪಿಲ್ಲ. ಅದನ್ನು ತಳ್ಳಿಹಾಕಲು ರೇಡಿಯೋಕಾರ್ಬನ್ (ಸಾವಯವ ಅವಶೇಷಗಳಲ್ಲಿ ಉಳಿದ ವಿಕಿರಣಶೀಲ ಇಂಗಾಲದಿಂದ ಕಾಲ ಅಳೆಯುವ ವಿಧಾನ) ಮತ್ತು ಮರದ ಉಂಗುರಗಳ ಪುರಾವೆ ಎಷ್ಟರಮಟ್ಟಿಗೆ ಸಾಕಾಗುತ್ತದೆ? ಸುಮಾರು ಕ್ರಿ.ಪೂ. 800ರಿಂದ 400ರವರೆಗೆ ರೇಡಿಯೋಕಾರ್ಬನ್ ಅಳತೆಯನ್ನು ವರ್ಷಗಳಿಗೆ ಪರಿವರ್ತಿಸುವ ರೇಖೆ ಬಹುಮಟ್ಟಿಗೆ ಚಪ್ಪಟೆಯಾಗಿದ್ದು, ಬೇರೆ ಬೇರೆ ಕಾಲದ ವಸ್ತುಗಳೂ ಹೆಚ್ಚುಕಡಿಮೆ ಒಂದೇ ಅಳತೆ ತೋರಿಸುವುದರಿಂದ, 8ನೇ ಶತಮಾನದ ಪದರಗಳನ್ನು ಮಡಕೆಗಳ ಶೈಲಿಯನ್ನಷ್ಟೇ ನಂಬದೆ ಗುರುತಿಸುವುದು ಹೇಗೆ? ಟರ್ಕಿಯ ಗಾರ್ಡಿಯನ್‌ನಲ್ಲಿ ಸಿಕ್ಕ ಜೂನಿಪರ್ ಮರಗಳು ಕ್ರಿ.ಪೂ. 1198–1196ರ ತೀವ್ರ ಬರವನ್ನು ತೋರಿಸುತ್ತವೆ. ಆ ಮೂರು ವರ್ಷಗಳನ್ನು ಗ್ರೀಸಿನ ಕುಸಿತಕ್ಕೂ ಅನ್ವಯಿಸಬಹುದೇ? ಪುರಾತತ್ವ ಅಧ್ಯಯನ ಮಾಡಿದವರು ದಯವಿಟ್ಟು ವಿವರಿಸಬೇಕು. ಕನ್ನಡದಲ್ಲಿ ಈ ಕುರಿತ ಬರಹಗಳಿದ್ದರೆ ತಿಳಿಸಿದಲ್ಲಿ ಬಹಳ ಉಪಕಾರವಾಗುತ್ತದೆ.