ಅಪ್‌ಡೇಟ್ ಆದಮೇಲೆ ಒಳಗೆ ಏನು ಬದಲಾಗಿದೆ ಅಂತ ಹೇಗೆ ಹುಡುಕುತ್ತೀರಿ? ಅನುಭವ ಹೇಳಿ

ಕೇಳಿದ್ದು: ಕಾಲೇಜು ಲ್ಯಾಬ್, ಹಾಸನ

ನಮಸ್ಕಾರ. ನಮ್ಮ ಕಾಲೇಜು ಲ್ಯಾಬಿನ ಸರ್ವರ್ ನೋಡಿಕೊಳ್ಳುವುದು ನಾನೊಬ್ಬನೇ. ರಜೆಯಲ್ಲಿ ಅದನ್ನು ಉಬುಂಟು (ಲಿನಕ್ಸ್‌ನ ಒಂದು ಬಗೆ) 20.04ರಿಂದ 22.04ಕ್ಕೆ ಏರಿಸಿದೆ. ಎಲ್ಲ ಸರಿಯಾಗಿಯೇ ಎದ್ದಿತು. ಸೋಮವಾರ ಬಂದು ನೋಡಿದರೆ ರಾತ್ರಿಯ ಬ್ಯಾಕಪ್ ಹೋಗಿಲ್ಲ. ಮೂಲೆಯಲ್ಲಿರುವ ಒಂದು ಹಳೆಯ ಸ್ಟೋರೇಜ್ ಡಬ್ಬಿಗೆ ಎಸ್‌ಎಸ್‌ಎಚ್ (ಬೇರೆ ಯಂತ್ರಕ್ಕೆ ಸುರಕ್ಷಿತವಾಗಿ ಸಂಪರ್ಕಿಸುವ ವಿಧಾನ) ಮೂಲಕ ಫೈಲ್ ಕಳಿಸುವ ಸ್ಕ್ರಿಪ್ಟ್ ಅದು. ಡಬ್ಬಿಯನ್ನಾಗಲಿ ಸ್ಕ್ರಿಪ್ಟನ್ನಾಗಲಿ ನಾನು ಮುಟ್ಟಿಲ್ಲ. ಆದರೆ ನೂರಾರು ಪ್ಯಾಕೇಜ್ (ಸಾಫ್ಟ್‌ವೇರ್ ಕಟ್ಟು) ಒಟ್ಟಿಗೆ ಬದಲಾಗಿವೆ. ಯಾವುದರಲ್ಲಿ ಏನು ಬದಲಾಯಿತು ಅಂತ ತಿಳಿಯುವುದು ಹೇಗೆ? ಅಂದಾಜಿನ ಮೇಲೆ ಸೆಟ್ಟಿಂಗ್ ತಿದ್ದಲು ಧೈರ್ಯ ಬರುತ್ತಿಲ್ಲ. ಮಕ್ಕಳ ಪ್ರಾಜೆಕ್ಟ್‌ಗಳೆಲ್ಲ ಅದರಲ್ಲೇ ಇವೆ.

ಗ್ರಂಥಾಲಯದ ಸರ್ವರ್ ನೋಡಿಕೊಂಡವರು, ಮೈಸೂರು

ಅಂದಾಜಿನ ಮೇಲೆ ತಿದ್ದದೆ ಕೇಳಿದ್ದೇ ಒಳ್ಳೆಯದಾಯಿತು ಸರ್. ನಾನು ಒಮ್ಮೆ ಹಾಗೆ ತಿದ್ದಲು ಹೋಗಿ ಎರಡು ವಾರ ಕಳೆದುಕೊಂಡೆ. ಅದನ್ನು ಮೊದಲು ಹೇಳುತ್ತೇನೆ.

ನಮ್ಮ ಪುಸ್ತಕಗಳ ಪಟ್ಟಿ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿತ್ತು. ಯಂತ್ರವನ್ನು ಡೆಬಿಯನ್ (ಉಬುಂಟುವಿಗೆ ಮೂಲವಾದ ಲಿನಕ್ಸ್) 9ರಿಂದ 10ಕ್ಕೆ ಏರಿಸಿದೆವು. ಪೋಸ್ಟ್‌ಗ್ರೆಸ್ ಮಾತ್ರ ಹಳೆಯ 9.6 ಅನ್ನೇ ಬೇಕೆಂದೇ ಉಳಿಸಿಕೊಂಡೆವು. ಕೆಲವು ದಿನದ ಮೇಲೆ ಕೌಂಟರಿನಿಂದ ದೂರು ಬಂತು. ಕಪಾಟಿನಲ್ಲಿ ಕಣ್ಣಿಗೆ ಕಾಣುವ ಪುಸ್ತಕ, ಹೆಸರು ಕೊಟ್ಟು ಹುಡುಕಿದರೆ ಇಲ್ಲ ಅನ್ನುತ್ತದೆ. ಇಲ್ಲ ಅಂದಿದ್ದಕ್ಕೆ ಸಿಬ್ಬಂದಿ ಅದನ್ನೇ ಮತ್ತೆ ಸೇರಿಸಿದ್ದರು. ಒಂದೇ ಹೆಸರು ಎರಡು ಸಲ ಬರಬಾರದು ಅಂತ ನಿಯಮ ಹಾಕಿದ್ದ ಜಾಗದಲ್ಲೂ ಎರಡೆರಡು ಕೂತಿದ್ದವು.

ನಾನು ಪೋಸ್ಟ್‌ಗ್ರೆಸ್‌ನ ಚೇಂಜ್‌ಲಾಗನ್ನೇ (ಬದಲಾವಣೆಗಳ ಪಟ್ಟಿಯನ್ನೇ) ತಿರುಗಿಸಿ ತಿರುಗಿಸಿ ಓದಿದೆ. ಅದು ಬದಲಾಗಿಯೇ ಇರಲಿಲ್ಲವಲ್ಲ, ಸಿಗುವುದು ಹೇಗೆ? ಬದಲಾಗಿದ್ದು ಅದರ ಕೆಳಗಿನ ಗ್ಲಿಬ್‌ಸಿ ಲೈಬ್ರರಿ, ಅಂದರೆ ಹೆಚ್ಚಿನ ಪ್ರೋಗ್ರಾಂಗಳು ನೆಚ್ಚಿಕೊಂಡಿರುವ ಮೂಲ ಕೋಡ್. 2018ರಲ್ಲಿ ಬಂದ ಗ್ಲಿಬ್‌ಸಿ 2.28ರಲ್ಲಿ ಅಕ್ಷರಗಳನ್ನು ಜೋಡಿಸುವ ಕ್ರಮವನ್ನೇ ಹೊಸದು ಮಾಡಿದ್ದರು. ಡೆಬಿಯನ್ 10ರಲ್ಲಿ ಅದೇ ಇದೆ. ನಮ್ಮ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಕಟ್ಟಿದ್ದು ಹಳೆಯ ಕ್ರಮದಲ್ಲಿ, ಹುಡುಕಾಟ ನಡೆದದ್ದು ಹೊಸ ಕ್ರಮದಲ್ಲಿ. ನಿಘಂಟಿನ ಪುಟಗಳನ್ನು ಬೇರೆ ಕ್ರಮದಲ್ಲಿ ಹೊಲಿದರೆ ಇರುವ ಪದವೂ ಸಿಗುವುದಿಲ್ಲ ಅಲ್ವಾ, ಹಾಗೆ. ಎರಡೆರಡು ಇದ್ದವನ್ನು ಕೈಯಿಂದ ತೆಗೆದು, ಇಂಡೆಕ್ಸ್ ಎಲ್ಲ ಹೊಸದಾಗಿ ಕಟ್ಟಿದ ಮೇಲೆ ಸರಿಹೋಯಿತು. ಈಗ ಪೋಸ್ಟ್‌ಗ್ರೆಸ್ 15ರಿಂದ ಈಚೆಗೆ ಡೇಟಾಬೇಸೇ ಈ ಬದಲಾವಣೆ ಗುರುತಿಸಿ ಎಚ್ಚರಿಸುತ್ತದೆ. ಆಗ ಅದಿರಲಿಲ್ಲ.

ಅಂದಿನಿಂದ ನಾನು ಮೊದಲು ತೆರೆಯುವುದು ಯಂತ್ರದ ಸ್ವಂತ ಲಾಗನ್ನು. ವಾರ್ ಫೋಲ್ಡರಿನೊಳಗೆ ಲಾಗ್, ಅದರೊಳಗೆ ಆಪ್ಟ್, ಅಲ್ಲಿ ಹಿಸ್ಟರಿ ಡಾಟ್ ಲಾಗ್ ಅಂತ ಫೈಲ್ ಇದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಕಮಾಂಡಿನಿಂದ, ಯಾವ ಪ್ಯಾಕೇಜ್ ಯಾವ ವರ್ಶನ್ನಿನಿಂದ ಯಾವುದಕ್ಕೆ ಹೋಯಿತು, ಎಲ್ಲ ಬರೆದಿರುತ್ತದೆ. ಹಳೆಯ ತಿಂಗಳವು ಜಿಜೆಡ್ ಆಗಿ ಒತ್ತಿಟ್ಟಿರುತ್ತವೆ, ಜೆಡ್‌ಲೆಸ್ ಕಮಾಂಡಿನಿಂದ ಓದಬಹುದು. ನೀವು ಇಡೀ ಉಬುಂಟು ಏರಿಸಿದ್ದರಿಂದ ಪಕ್ಕದ ಡಿಸ್ಟ್ ಹೈಫನ್ ಅಪ್‌ಗ್ರೇಡ್ ಫೋಲ್ಡರನ್ನೂ ನೋಡಿ.

ನೂರಾರು ಸಾಲು ಕಂಡು ಗಾಬರಿ ಬೇಡ. ಕೆಟ್ಟಿರುವ ಕೆಲಸಕ್ಕೆ ಸಂಬಂಧಪಟ್ಟವನ್ನಷ್ಟೇ ಆರಿಸಿ. ನಿಮ್ಮದರಲ್ಲಿ ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್ ಇರಲೇಬೇಕು. ಅಲ್ಲಿಂದ ಶುರು ಮಾಡಿ, ಸಿಗದಿದ್ದರೆ ಅದು ನೆಚ್ಚಿಕೊಂಡಿರುವ ಲೈಬ್ರರಿಗಳಿಗೆ ಇಳಿಯಿರಿ.

ಡೆಬಿಯನ್ ಬಳಸುವವರು, ಉಡುಪಿ

ಮೇಲಿನವರು ಹೇಳಿದ ಮುಂದಿನ ಹೆಜ್ಜೆ ನಾನು ಹೇಳುತ್ತೇನೆ. ಹೆಸರು ಸಿಕ್ಕಮೇಲೆ ಟರ್ಮಿನಲ್ಲಿನಲ್ಲಿ ಆಪ್ಟ್ ಚೇಂಜ್‌ಲಾಗ್ ಅಂತ ಬರೆದು ಪಕ್ಕದಲ್ಲಿ ಪ್ಯಾಕೇಜ್ ಹೆಸರು ಕೊಡಿ. ನೆಟ್‌ನಿಂದ ಪೂರ್ತಿ ಪಟ್ಟಿ ಬರುತ್ತದೆ. ಯಂತ್ರದಲ್ಲೂ ಒಂದು ಪ್ರತಿ ಇರುತ್ತದೆ. ಆದರೆ ಉಬುಂಟುವಿನಲ್ಲಿ ಅದರ ಹಳೆಯ ಭಾಗ ಕತ್ತರಿಸಿರುತ್ತಾರೆ. ನೆಟ್‌ನದ್ದೇ ಓದಿ.

ಇನ್ನೊಂದು ಫೈಲ್ ಇದೆ, ನನಗೆ ತುಂಬಾ ಇಷ್ಟ. ಯೂಎಸ್‌ಆರ್, ಶೇರ್, ಡಾಕ್, ಆಮೇಲೆ ಪ್ಯಾಕೇಜ್ ಹೆಸರಿನ ಫೋಲ್ಡರ್. ಅಲ್ಲಿ ನ್ಯೂಸ್ ಡಾಟ್ ಡೆಬಿಯನ್ ಅಂತ ಇದೆಯಾ ನೋಡಿ. ಎಲ್ಲ ಪ್ಯಾಕೇಜಿಗೂ ಇರುವುದಿಲ್ಲ. ಚೇಂಜ್‌ಲಾಗಿನಲ್ಲಿ ಕಾಗುಣಿತ ತಿದ್ದಿದ್ದೂ ಇರುತ್ತದೆ. ನ್ಯೂಸ್ ಫೈಲಿನಲ್ಲಿ ಮಾತ್ರ 'ನಿಮ್ಮ ಹಳೆಯ ಸೆಟ್ಟಿಂಗ್ ಇನ್ನು ನಡೆಯದೇ ಹೋಗಬಹುದು' ಅನ್ನುವಂಥ ದೊಡ್ಡ ವಿಷಯವಷ್ಟೇ ಇರುತ್ತದೆ. ಆಪ್ಟ್‌-ಲಿಸ್ಟ್‌ಚೇಂಜಸ್ ಎಂಬ ಪ್ಯಾಕೇಜ್ ಹಾಕಿಕೊಂಡರೆ, ಹೊಸದು ಕೂರುವ ಮೊದಲೇ ಆ ಸುದ್ದಿ ಪರದೆ ಮೇಲೆ ಬರುತ್ತದೆ. ನನ್ನ ಎಲ್ಲ ಯಂತ್ರದಲ್ಲೂ ಇದೆ.

ವರ್ಶನ್ ನಂಬರ್ ಓದುವುದನ್ನೂ ರೂಢಿ ಮಾಡಿಕೊಳ್ಳಿ. ಓಪನ್‌ಎಸ್‌ಎಸ್‌ಎಚ್ 1:8.9ಪಿ1-3 ಅಂತಿದ್ದರೆ, 8.9ಪಿ1 ಅನ್ನುವುದು ಮೂಲ ತಯಾರಕರದು. ಹೈಫನ್ ಆದಮೇಲಿನದು ಡೆಬಿಯನ್ ಅಥವಾ ಉಬುಂಟುವಿನವರು ತಮ್ಮ ಕಡೆಯಿಂದ ಮಾಡಿದ್ದು. ಕೊನೆಯ ಅಂಕಿ ಮಾತ್ರ ಬದಲಾಗಿದ್ದರೆ ಮೂಲದವರ ಸೈಟಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಭದ್ರತೆಯ ತಿದ್ದುಪಡಿಗಳನ್ನು ಹೆಚ್ಚಾಗಿ ಹಳೆಯ ವರ್ಶನ್ನಿಗೇ ಹೊಲಿದು ಕೊಡುತ್ತಾರೆ. ಆಗ ಚೇಂಜ್‌ಲಾಗಿನಲ್ಲಿ ಸಿವಿಇ ನಂಬರ್ (ಭದ್ರತಾ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ) ಹುಡುಕಿ. ಮುಂದಿನ ಭಾಗ ಬದಲಾಗಿದ್ದರೆ ಮಾತ್ರ ಮೂಲದವರ ಬಿಡುಗಡೆ ಟಿಪ್ಪಣಿಗೆ ಹೋಗಿ. ನಡುವೆ ದಾಟಿ ಬಂದ ಎಲ್ಲ ವರ್ಶನ್‌ಗಳದ್ದೂ ಓದಬೇಕು. ಕೊನೆಯದೊಂದನ್ನೇ ಓದಿದರೆ ವಿಷಯ ತಪ್ಪಿಹೋಗುತ್ತದೆ.

ಫೆಡೋರಾ ಬಳಸುವವರು, ಧಾರವಾಡ

ಇವರಿಗೆ ಬೇಕಿಲ್ಲ, ಮುಂದೆ ಓದುವವರಿಗಾಗಿ ಬರೆಯುತ್ತಿದ್ದೇನೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಡಿಎನ್‌ಎಫ್ ಹಿಸ್ಟರಿ ಕಮಾಂಡ್ ಕೊಟ್ಟರೆ ಪ್ರತಿ ಅಪ್‌ಡೇಟಿಗೂ ಒಂದು ನಂಬರ್ ಬರುತ್ತದೆ. ಡಿಎನ್‌ಎಫ್ ಹಿಸ್ಟರಿ ಇನ್ಫೋ ಅಂತ ಆ ನಂಬರ್ ಕೊಟ್ಟರೆ ಒಳಗಿನದೆಲ್ಲ ಕಾಣುತ್ತದೆ. ಆರ್‌ಪಿಎಂ ಕಮಾಂಡಿಗೆ ಚೇಂಜ್‌ಲಾಗ್ ಆಯ್ಕೆ ಕೊಟ್ಟರೆ ಪ್ಯಾಕೇಜಿನ ಟಿಪ್ಪಣಿ ಸಿಗುತ್ತದೆ. ಆರ್ಚ್ ಲಿನಕ್ಸ್ ಬಳಸುವವರು ಏರಿಸುವ ಮೊದಲು ಅವರ ಮುಖಪುಟದ ಸುದ್ದಿ ಓದಲೇಬೇಕು. ಅಲ್ಲಿನ ಪ್ಯಾಕೇಜ್‌ಗಳಲ್ಲಿ ಹೆಚ್ಚಿನವಕ್ಕೆ ಚೇಂಜ್‌ಲಾಗ್ ಇರುವುದೇ ಇಲ್ಲ.

ಜಾವಾಸ್ಕ್ರಿಪ್ಟ್ ಬರೆಯುವವರು, ಬೆಂಗಳೂರು

ಟಿಪ್ಪಣಿ ಅಂದರೆ ಬರೆದವರು ಹೇಳಿದ್ದು. ನಿಜವಾಗಿ ಏನು ಬಂತು ಅಂತ ನೋಡಬೇಕಾದರೆ ಎರಡು ವರ್ಶನ್‌ಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಕು. ಜಾವಾಸ್ಕ್ರಿಪ್ಟ್ ಪ್ಯಾಕೇಜ್ ತರುವ ಎನ್‌ಪಿಎಂನಲ್ಲಿ 7ನೇ ವರ್ಶನ್ನಿನಿಂದ ಈಚೆಗೆ ಎನ್‌ಪಿಎಂ ಡಿಫ್ ಕಮಾಂಡ್ ಇದೆ. ಅದು ಪ್ರಕಟವಾದ ಪ್ಯಾಕೇಜುಗಳನ್ನೇ ಹೋಲಿಸುತ್ತದೆ, ಗಿಟ್‌ನಲ್ಲಿ (ಮೂಲ ಕೋಡಿನ ಭಂಡಾರದಲ್ಲಿ) ಇರುವುದನ್ನಲ್ಲ. ಈ ವ್ಯತ್ಯಾಸ ದೊಡ್ಡದು. 2024ರ ಮಾರ್ಚ್‌ನಲ್ಲಿ ಫೈಲ್ ಒತ್ತಿಡುವ ಎಕ್ಸ್‌ಜೆಡ್ ಪ್ಯಾಕೇಜಿನ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಸಿಕ್ಕಿತಲ್ಲ, ಅದನ್ನು ಕೆಲಸ ಮಾಡಿಸುವ ಒಂದು ತುಂಡು ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು, ಗಿಟ್‌ನಲ್ಲಿ ಇರಲಿಲ್ಲ. ಅದನ್ನು ಹಿಡಿದವರು ಪೋಸ್ಟ್‌ಗ್ರೆಸ್ ಕೆಲಸಗಾರ ಆಂಡ್ರೆಸ್ ಫ್ರಾಯಿಂಡ್. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ಜಾಸ್ತಿ ತೆಗೆದುಕೊಳ್ಳುತ್ತಿದೆ ಅಂತ ಗಮನಿಸಿ, ಯಾಕೆ ಅಂತ ಬೆನ್ನು ಹತ್ತಿದರು. ಅಷ್ಟು ಚಿಕ್ಕ ಬದಲಾವಣೆಯನ್ನೂ ಅವರು ಬಿಡಲಿಲ್ಲ ಅನ್ನುವುದು ನನಗೆ ಈಗಲೂ ಮೈ ನವಿರೇಳಿಸುತ್ತದೆ.

ಕೇಳಿದವರು, ಎರಡು ದಿನದ ಮೇಲೆ

ಸಿಕ್ಕಿತು! ಎಲ್ಲರಿಗೂ ಧನ್ಯವಾದ. ಲಾಗಿನಲ್ಲಿ ಓಪನ್‌ಎಸ್‌ಎಸ್‌ಎಚ್ 8.2ರಿಂದ 8.9ಕ್ಕೆ ಹೋಗಿದೆ. ಉಡುಪಿಯವರು ಹೇಳಿದ ನ್ಯೂಸ್ ಫೈಲ್ ತೆರೆದೆ. 8.8ರ ಕೆಳಗೆ ಬರೆದಿದೆ: ಎಸ್‌ಎಚ್‌ಎ-1 (ಸಹಿಯಲ್ಲಿ ಬಳಸುವ ಒಂದು ಹಳೆಯ ಲೆಕ್ಕಾಚಾರ) ಬಳಸುವ ಹಳೆಯ ಆರ್‌ಎಸ್‌ಎ ಸಹಿಯನ್ನು ಇನ್ನು ತಾನಾಗಿ ಒಪ್ಪುವುದಿಲ್ಲ. ಸ್ಕ್ರಿಪ್ಟ್ ಬಿಟ್ಟು ಕೈಯಿಂದ ಡಬ್ಬಿಗೆ ಎಸ್‌ಎಸ್‌ಎಚ್ ಮಾಡಿ ನೋಡಿದೆ. 'ನೋ ಮ್ಯಾಚಿಂಗ್ ಹೋಸ್ಟ್ ಕೀ ಟೈಪ್ ಫೌಂಡ್' ಅಂದಿತು, ಅಂದರೆ ಎರಡೂ ಕಡೆ ಒಪ್ಪುವ ಗುರುತಿನ ಕೀ ಬಗೆ ಸಿಗಲಿಲ್ಲ. ಡಬ್ಬಿಗೆ ಆ ಹಳೆಯದೊಂದೇ ಗೊತ್ತು. ಎಸ್‌ಎಸ್‌ಎಚ್ ಸೆಟ್ಟಿಂಗಿನಲ್ಲಿ ಹಳೆಯದನ್ನು ಒಪ್ಪು ಅಂತ ಒಂದು ಸಾಲು ಸೇರಿಸಲೇ?

ಡೆಬಿಯನ್ ಬಳಸುವವರು, ಉಡುಪಿ

ಸೇರಿಸಿ, ಆದರೆ ಆ ಡಬ್ಬಿಯ ವಿಳಾಸಕ್ಕೆ ಮಾತ್ರ. ಎಲ್ಲ ಹೋಸ್ಟ್‌ಗಳಿಗೂ ಅನ್ವಯಿಸುವ ಹಾಗೆ ದಯವಿಟ್ಟು ಹಾಕಬೇಡಿ. ಎಸ್‌ಎಚ್‌ಎ-1 ಮುರಿಯುವುದು ಈಗ ಸಾಧ್ಯ, ಅದಕ್ಕೇ ಅವರು ತೆಗೆದದ್ದು. ಡಬ್ಬಿಗೆ ಹೊಸ ಫರ್ಮ್‌ವೇರ್ (ತಯಾರಕರು ಕೊಡುವ ಒಳಗಿನ ಸಾಫ್ಟ್‌ವೇರ್) ಇದೆಯಾ ಅಂತಲೂ ನೋಡಿ.

ಕೇಳಿದವರು

ಫರ್ಮ್‌ವೇರ್ ನಿಂತು ವರ್ಷಗಳಾಗಿವೆ ಸರ್. ಡಬ್ಬಿಗೆ ಮಾತ್ರ ಆ ಸಾಲು ಹಾಕಿದೆ. ನಿನ್ನೆ ರಾತ್ರಿ ಬ್ಯಾಕಪ್ ಹೋಗಿದೆ. ಬೆಳಿಗ್ಗೆ ಒಬ್ಬ ಹುಡುಗನ ಪ್ರಾಜೆಕ್ಟ್ ಫೋಲ್ಡರನ್ನು ವಾಪಸ್ ತೆಗೆದು ನೋಡಿದೆ, ಪೂರ್ತಿ ಬಂತು. ಹೊಸ ಡಬ್ಬಿಗೆ ಪ್ರಿನ್ಸಿಪಾಲರಿಗೆ ಪತ್ರ ಬರೆಯುತ್ತಿದ್ದೇನೆ. ನ್ಯೂಸ್ ಫೈಲಿನ ಆ ಸಾಲುಗಳನ್ನೂ ಅದಕ್ಕೆ ಲಗತ್ತಿಸುತ್ತೇನೆ.